ಶಾಲೆಯ ಲಿನಕ್ಸ್ ಮನೆಯ ಲ್ಯಾಪ್‌ಟಾಪಿನಲ್ಲೂ ಬೇಕಾದರೆ: ಕೇಳಿದ್ದು, ಹೇಳಿದ್ದು

ಈ ವಾರ ಗುಂಪಿನಲ್ಲಿ ಒಂದೇ ವಿಷಯ: ವಿಂಡೋಸ್ ಇರುವ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂ ಓಡಿಸುವುದು. ಉತ್ತರ ಕೊಡುವವರು ಬದಿಯಡ್ಕದಲ್ಲಿ ಕಂಪ್ಯೂಟರ್ ರಿಪೇರಿ ಕೆಲಸ ಮಾಡುತ್ತಾರೆ.

ಪ್ರಶ್ನೆ (ಕುಂಬಳೆಯಿಂದ)

ನಮಸ್ತೆ ಅಣ್ಣ. ಮಗ ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ಕ್ಲಾಸ್. ಶಾಲೆಯ ಲ್ಯಾಬಿನಲ್ಲಿ ಲಿನಕ್ಸ್, ಮನೆಯಲ್ಲಿ ವಿಂಡೋಸ್ 10. ಐಟಿ ಪ್ರಾಕ್ಟಿಕಲ್ ಅಭ್ಯಾಸಕ್ಕೆ ಮನೆಯಲ್ಲೂ ಅದೇ ಬೇಕು ಅಂತ ಅವನ ಹಟ. ಲ್ಯಾಪ್‌ಟಾಪ್ 2017ರಲ್ಲಿ ತಗೊಂಡದ್ದು. ಐ3 ಏಳನೇ ಜನರೇಶನ್, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಇವರ ಅಡಿಕೆ ಲೆಕ್ಕ, ಮನೆಯ ಫೋಟೋ ಎಲ್ಲ ಅದರಲ್ಲೇ ಇವೆ. ಒಂದು ಅಂಗಡಿಯಲ್ಲಿ ಕೇಳಿದೆ. ಎಲ್ಲ ಅಳಿಸಿಯೇ ಹಾಕಬೇಕು ಅಂದರು. ಹೌದಾ?

ಉತ್ತರ

ಇಲ್ಲ ಅಕ್ಕ, ಅಳಿಸಬೇಕಾಗಿಲ್ಲ. ಎರಡೂ ಒಂದೇ ಲ್ಯಾಪ್‌ಟಾಪಿನಲ್ಲಿ ಇರಬಹುದು. ಆನ್ ಮಾಡಿದಾಗ ಒಂದು ಪಟ್ಟಿ ಬರುತ್ತದೆ. ಮಗ ಲಿನಕ್ಸ್ ಒತ್ತುತ್ತಾನೆ, ಭಾವ ವಿಂಡೋಸ್ ಒತ್ತುತ್ತಾರೆ, ಅಷ್ಟೇ.

ಹುಡುಗನ ಹಟದಲ್ಲಿ ಅರ್ಥವಿದೆ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳ ಲ್ಯಾಬಿನಲ್ಲಿ ಓಡುವುದು ಕೈಟ್ ಗ್ನೂ/ಲಿನಕ್ಸ್, ಅಂದರೆ ಶಾಲೆಗಳ ಐಟಿ ಕೆಲಸ ನೋಡುವ ಕೈಟ್ ಎಂಬ ಸರ್ಕಾರಿ ಸಂಸ್ಥೆಯ ಲಿನಕ್ಸ್. ಮೊದಲು ಐಟಿ ಅಟ್ ಸ್ಕೂಲ್ ಅಂತ ಇದ್ದ ಯೋಜನೆಯೇ 2017ರಲ್ಲಿ ಕೈಟ್ ಆದದ್ದು. ಪಾಠಕ್ಕೆ ಬೇಕಾದ ಜಿಯೋಜಿಬ್ರಾ, ಜಿಂಪ್, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಎಲ್ಲ ಅದರಲ್ಲಿ ತಯಾರಿರುತ್ತವೆ. ಕೈಟ್‌ನ ವೆಬ್‌ಸೈಟಿನಿಂದ ದುಡ್ಡಿಲ್ಲದೆ ಇಳಿಸಿಕೊಳ್ಳಬಹುದು. ಲ್ಯಾಬಿನಲ್ಲಿ ನಾಲ್ಕು ಮಕ್ಕಳಿಗೆ ಒಂದು ಕಂಪ್ಯೂಟರ್ ಸಿಗುವ ಕಡೆ ಮನೆಯಲ್ಲಿ ಕೂತು ಮಾಡಿದ ಅಭ್ಯಾಸವೇ ಕೈ ಹಿಡಿಯುವುದು. ಹಾಗಾಗಿ ಬೇಡ ಅನ್ನಬೇಡಿ. ಆದರೆ ಆತುರವೂ ಬೇಡ.

ಮೊದಲು ಫೋಟೋ, ಲೆಕ್ಕ ಎಲ್ಲವನ್ನೂ ಬೇರೆ ಹಾರ್ಡ್ ಡಿಸ್ಕ್ ಅಥವಾ ಪೆನ್ ಡ್ರೈವಿಗೆ ಕಾಪಿ ಮಾಡಿ. ಅದೇ ಲ್ಯಾಪ್‌ಟಾಪಿನ ಡಿ ಡ್ರೈವಿಗೆ ಹಾಕಿದರೆ ಕಾಪಿ ಮಾಡಿದ ಹಾಗೆ ಆಗಲಿಲ್ಲ. ಸಿ, ಡಿ ಅಂತ ಎರಡು ಹೆಸರು ಇದ್ದರೂ ಒಳಗೆ ಇರುವುದು ಒಂದೇ ಡಿಸ್ಕ್. ಈ ಒಂದು ಕೆಲಸ ಮುಗಿಯದೆ ಮುಂದಿನದಕ್ಕೆ ಕೈ ಹಾಕಲೇಬಾರದು. ನನ್ನ ಹತ್ತಿರ ತಂದರೂ ನಾನು ಮೊದಲು ಕೇಳುವುದು ಇದನ್ನೇ.

ಆಮೇಲೆ ಪೆನ್ ಡ್ರೈವಿನಿಂದಲೇ ಓಡಿಸಿ ನೋಡಿ. ಇಳಿಸಿಕೊಂಡ ಫೈಲನ್ನು ರೂಫಸ್ ಅಥವಾ ವೆಂಟಾಯ್ ಎಂಬ ಪ್ರೋಗ್ರಾಂನಿಂದ ಪೆನ್ ಡ್ರೈವಿಗೆ ಹಾಕಿ. ಅದರಲ್ಲಿ ಮೊದಲೇ ಇದ್ದದ್ದು ಅಳಿಸಿ ಹೋಗುತ್ತದೆ, ಖಾಲಿ ಪೆನ್ ಡ್ರೈವ್ ತಗೊಳ್ಳಿ. ಆನ್ ಮಾಡುವಾಗ ಬೂಟ್ ಮೆನು ತೆರೆಯುವ ಕೀ ಒತ್ತಬೇಕು. ಡೆಲ್, ಲೆನೊವೊದಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್‌ನಲ್ಲಿ ಎಸ್ಕೇಪ್. 'ಟ್ರೈ' ಅಂತ ಇರುವುದನ್ನು ಆರಿಸಿದರೆ ಡಿಸ್ಕಿಗೆ ಏನೂ ಬರೆಯದೆ ಲಿನಕ್ಸ್ ಓಡುತ್ತದೆ. ನಿಧಾನ ಇರುತ್ತದೆ, ಪೆನ್ ಡ್ರೈವಿನಿಂದ ಓಡುವುದಲ್ವಾ. ವೈಫೈ, ಸೌಂಡ್, ಕ್ಯಾಮೆರಾ, ಟಚ್‌ಪ್ಯಾಡ್ ಕೆಲಸ ಮಾಡುತ್ತವಾ ನೋಡಿ. ಅಲ್ಲೇ ಡಿಸ್ಕ್ಸ್ ಎಂಬ ಪ್ರೋಗ್ರಾಂ ತೆರೆದು ಹಾರ್ಡ್ ಡಿಸ್ಕಿನ ಆರೋಗ್ಯ ಹೇಳುವ ಸ್ಮಾರ್ಟ್ ವರದಿಯನ್ನೂ ನೋಡಿ. ಡಿಸ್ಕ್ ಹಾಳಾಗುತ್ತಿದೆ ಅಂತ ಬಂದರೆ ಅಲ್ಲಿಗೇ ನಿಲ್ಲಿಸಿ. ಅಂಥ ಡಿಸ್ಕಿನಲ್ಲಿ ಭಾಗ ಮಾಡಲು ಹೋದರೆ ಇದ್ದದ್ದೂ ಹೋಗುತ್ತದೆ.

ಎಲ್ಲ ಸರಿ ಇದ್ದರೆ ವಿಂಡೋಸಿಗೆ ಮರಳಿ. ಎರಡು ಕೆಲಸ ಇದೆ. ಪವರ್ ಸೆಟ್ಟಿಂಗ್ಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರ್ಧ ನಿದ್ದೆಯಲ್ಲಿ ಇರುತ್ತದೆ. ಆಗ ಲಿನಕ್ಸಿನಿಂದ ಸಿ ಡ್ರೈವಿನ ಫೈಲ್ ಓದಬಹುದು, ಬರೆಯಲು ಬಿಡುವುದಿಲ್ಲ. ಎರಡನೆಯದು, ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಒಂದು ಡ್ರೈವನ್ನು ಶ್ರಿಂಕ್ ಮಾಡಿ 60 ಜಿಬಿಯಷ್ಟು ಜಾಗ ಖಾಲಿ ಬಿಡಿ. ಆ ಜಾಗಕ್ಕೆ ಹೆಸರು ಕೊಡುವುದು, ಫಾರ್ಮ್ಯಾಟ್ ಮಾಡುವುದು ಬೇಡ, ಹಾಗೇ ಇರಲಿ.

ಇನ್‌ಸ್ಟಾಲ್ ಮಾಡುವಾಗ 'ವಿಂಡೋಸ್ ಜೊತೆಗೆ ಹಾಕು' ಅಂತ ಒಂದು ಆಯ್ಕೆ, 'ಇಡೀ ಡಿಸ್ಕ್ ಅಳಿಸಿ ಹಾಕು' ಅಂತ ಇನ್ನೊಂದು ಆಯ್ಕೆ ಒಂದರ ಕೆಳಗೆ ಒಂದು ಇರುತ್ತವೆ. ನಿಮ್ಮ ಫೋಟೋ ಉಳಿಯುವುದೂ ಹೋಗುವುದೂ ಆ ಒಂದು ಕ್ಲಿಕ್ಕಿನಲ್ಲಿ. 'ಜೊತೆಗೆ' ಎಂಬುದು ಕಾಣದೇ ಇದ್ದರೆ ಮುಂದೆ ಹೋಗಬೇಡಿ. ಅದಕ್ಕೆ ಒಂದು ಸಾಮಾನ್ಯ ಕಾರಣ ಇದು. ವಿಂಡೋಸ್ ಯುಇಎಫ್‌ಐ ಎಂಬ ಹೊಸ ಬೂಟ್ ಮೋಡಿನಲ್ಲಿ ಇದ್ದು ಪೆನ್ ಡ್ರೈವ್ ಹಳೇ ಲೆಗಸಿ ಮೋಡಿನಲ್ಲಿ ಎದ್ದಿರುತ್ತದೆ, ಅಥವಾ ಅದರ ಉಲ್ಟಾ. ವಿಂಡೋಸಿನ ಸಿಸ್ಟಂ ಇನ್ಫರ್ಮೇಶನ್ ತೆರೆದರೆ ಬಯೋಸ್ ಮೋಡ್ ಯಾವುದು ಅಂತ ಕಾಣುತ್ತದೆ. ಎರಡೂ ಒಂದೇ ಮೋಡಿನಲ್ಲಿ ಇರಬೇಕು.

ಇನ್ನೊಂದು ಮಾತು. 2017ರ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತಿರುವುದೇ ಜಾಸ್ತಿ. ಡಿಸ್ಕ್ ಭಾಗ ಮಾಡುವ ನಡುವೆ ಕರೆಂಟ್ ಹೋದರೆ ಕಥೆ ಮುಗಿಯಿತು. ಗುಡುಗು ಮಿಂಚಿನ ಸಂಜೆ ಈ ಕೆಲಸಕ್ಕೆ ಕೂರಬೇಡಿ. ಬೆಳಿಗ್ಗೆ ಮಾಡಿ, ಸಾಧ್ಯವಾದರೆ ಯುಪಿಎಸ್ ಇರುವ ಕಡೆ ಮಾಡಿ.

ವೇಗದ ವಿಷಯ. 4 ಜಿಬಿಯಲ್ಲಿ ಕೈಟ್ ಓಡುತ್ತದೆ, ಬ್ರೌಸರಿನಲ್ಲಿ ತುಂಬ ಟ್ಯಾಬ್ ತೆರೆದರೆ ತಡವರಿಸುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ವಿಂಡೋಸ್, ಲಿನಕ್ಸ್ ಎರಡಕ್ಕೂ ಜೀವ ಬರುತ್ತದೆ. ದುಡ್ಡು ಹಾಕುವುದಾದರೆ ಮೊದಲು ಅದಕ್ಕೇ ಹಾಕಿ.

ಇದರ ಮೇಲೆ ಒಂದು ಮಾತು (ಮಂಜೇಶ್ವರದಿಂದ)

ಇಷ್ಟೆಲ್ಲ ಯಾಕೆ ಸರ್? ರೂಫಸ್‌ನಲ್ಲೇ ಟಿಪಿಎಂ (ಕಂಪ್ಯೂಟರಿನ ಸೆಕ್ಯುರಿಟಿ ಚಿಪ್) ಚೆಕ್ ತಪ್ಪಿಸಿ ವಿಂಡೋಸ್ 11 ಹಾಕಬಹುದಲ್ಲ?

ಉತ್ತರ

ಹಾಕಬಹುದು, ಆದರೆ ನಾನು ಹಾಕಿಕೊಡುವುದಿಲ್ಲ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಶನ್ ಅಥವಾ ಅದರ ನಂತರದ್ದು ಬೇಕು, ಟಿಪಿಎಂ 2.0 ಬೇಕು. ತಪ್ಪಿಸಿ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಬಂದೇ ಬರುತ್ತದೆ ಅಂತ ಮೈಕ್ರೋಸಾಫ್ಟ್ ಮಾತು ಕೊಡುವುದಿಲ್ಲ. 4 ಜಿಬಿ, ಹಾರ್ಡ್ ಡಿಸ್ಕಿನಲ್ಲಿ ಅದು ತೆವಳುತ್ತದೆ ಕೂಡ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗಿನ ಸೆಕ್ಯುರಿಟಿ ಅಪ್‌ಡೇಟಿಗೆ ಅಂತ ಒಂದು ಯೋಜನೆ ಇಟ್ಟಿದ್ದಾರೆ, ಅದಕ್ಕೆ ಬೇರೆಯಾಗಿ ಹೆಸರು ನೋಂದಾಯಿಸಬೇಕು. ಅದೂ ಇಲ್ಲದ ಮೇಲೆ ಬ್ಯಾಂಕಿನ ಕೆಲಸ, ಆಧಾರ್ ಕೆಲಸ ಆ ವಿಂಡೋಸಿನಲ್ಲಿ ಮಾಡಬೇಡಿ, ಲಿನಕ್ಸಿನ ಬ್ರೌಸರಿನಲ್ಲಿ ಮಾಡಿ. ಹಳೇ ಯಂತ್ರಕ್ಕೆ ಹೊಸ ಅಪ್‌ಡೇಟ್ ಬರುವ ಒಂದು ಸಿಸ್ಟಂ ಇರುವುದು ದೊಡ್ಡ ಲಾಭ.

ಪ್ರಶ್ನೆ (ಪೆರ್ಲದಿಂದ, ನಿವೃತ್ತ ಮಾಸ್ಟ್ರು)

ನನಗೆ ವೇಗ ಬೇಡ, ಕನ್ನಡ ಬೇಕು. ವರ್ಷಗಟ್ಟಲೆ ಕೂತು ಯಕ್ಷಗಾನ ಪ್ರಸಂಗಗಳನ್ನು ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಇಟ್ಟಿದ್ದೇನೆ. ಮೊಮ್ಮಗಳು ಲಿನಕ್ಸ್ ಹಾಕಿ ತೋರಿಸಿದಳು. ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಗೆರೆ, ಚುಕ್ಕಿ. ಎಲ್ಲ ಹೋಯಿತಾ?

ಉತ್ತರ

ಒಂದಕ್ಷರವೂ ಹೋಗಿಲ್ಲ ಮಾಸ್ಟ್ರೇ, ಧೈರ್ಯವಾಗಿರಿ. ಹಳೇ ನುಡಿ ಫಾಂಟಿನಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷಿನ ಸಂಕೇತಗಳೇ. ಆ ಸಂಕೇತದ ಜಾಗದಲ್ಲಿ ಕನ್ನಡದ ಆಕಾರ ತೋರಿಸುವ ಕೆಲಸ ಮಾಡುತ್ತಿದ್ದದ್ದು ಫಾಂಟ್. ಹೊಸ ಸಿಸ್ಟಮಿನಲ್ಲಿ ಆ ಫಾಂಟ್ ಇಲ್ಲ, ಅದಕ್ಕೆ ಒಳಗಿದ್ದದ್ದು ಹಾಗೇ ಕಂಡಿತು. ಫಾಂಟ್ ಇಲ್ಲದ ವಿಂಡೋಸಿನಲ್ಲಿ ತೆರೆದರೂ ಇದೇ ಆಗುತ್ತಿತ್ತು.

ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟುಗಳನ್ನು ಕಾಪಿ ಮಾಡಿ ತಂದು ಲಿನಕ್ಸಿನಲ್ಲಿ ಡಬಲ್ ಕ್ಲಿಕ್ ಮಾಡಿ, ಇನ್‌ಸ್ಟಾಲ್ ಒತ್ತಿ. ಲಿಬ್ರೆ ಆಫೀಸಿನಲ್ಲಿ ಫೈಲ್ ತೆರೆದರೆ ಕನ್ನಡ ಕಾಣುತ್ತದೆ. ಆದರೆ ಇದು ಇವತ್ತಿನ ಮಟ್ಟಿಗೆ ಸಾಕು, ಮುಂದಿನ ಕಾಲಕ್ಕೆ ಸಾಲದು. ಹೀಗಿರುವ ಫೈಲಿನಲ್ಲಿ 'ಕರ್ಣ' ಅಂತ ಟೈಪ್ ಮಾಡಿ ಹುಡುಕಿದರೆ ಸಿಗುವುದಿಲ್ಲ. ಮೊಬೈಲಿಗೆ ಕಳಿಸಿದರೆ ಯಾರಿಗೂ ಓದಲು ಬರುವುದಿಲ್ಲ. ಫೈಲಿನ ಒಳಗೂ ಕನ್ನಡವೇ ಆಗಿ ಇರುವ ಯುನಿಕೋಡಿಗೆ ಬದಲಿಸಿಕೊಳ್ಳಲೇಬೇಕು. ನುಡಿಯಿಂದ ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ, ನುಡಿಯ ಹೊಸ ಆವೃತ್ತಿಯಲ್ಲೂ ಯುನಿಕೋಡ್ ಇದೆ.

ಬದಲಿಸಿದ ಮೇಲೆ ನೀವೇ ಕೂತು ಓದಬೇಕು. ತಪ್ಪು ಬರುವುದು ಹೆಚ್ಚಾಗಿ ಅರ್ಕಾವೊತ್ತಿನಲ್ಲಿ. ಹಳೇ ಫಾಂಟಿನಲ್ಲಿ ಅದನ್ನು ಅಕ್ಷರದ ನಂತರ ಇಡುತ್ತಾರೆ, ಯುನಿಕೋಡಿನಲ್ಲಿ ರಕಾರ ಅಕ್ಷರದ ಮೊದಲೇ ಬರಬೇಕು. ಪರಿವರ್ತಕ ಅಲ್ಲಿ ಎಡವುತ್ತದೆ. ಪ್ರಸಂಗದಲ್ಲಿ ಕರ್ಣ, ಅರ್ಜುನ, ಪಾರ್ಥ, ಸೂರ್ಯ ಇವೇ ಅಲ್ವಾ ಪುಟಪುಟಕ್ಕೂ? ಅಲ್ಲಿ ಕಣ್ಣಿಡಿ. ಪದ್ಯದ ಸಾಲು ಎಲ್ಲಿ ಮುರಿದಿದೆ ಅಂತಲೂ ನೋಡಿ. ಸಾಲು ಕೂಡಿಕೊಂಡರೆ ಭಾಗವತರಿಗೆ ಕಷ್ಟ. ಹಳೇ ಫೈಲನ್ನು ಮಾತ್ರ ಅಳಿಸಬೇಡಿ, ಒಂದು ಕಾಪಿ ಹಾಗೇ ಇರಲಿ.

ಇನ್ನು ಟೈಪಿಂಗ್. ನುಡಿಯಲ್ಲಿ ನಿಮ್ಮ ಬೆರಳಿಗೆ ಕೂತಿರುವುದು ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ವಿನ್ಯಾಸ. ಅದು ಲಿನಕ್ಸಿನಲ್ಲೂ ಇದೆ. ಕೀಬೋರ್ಡ್ ಸೆಟ್ಟಿಂಗ್ಸಿನಲ್ಲಿ ಕನ್ನಡ ಹುಡುಕಿದರೆ 'ಕಗಪ' ಎಂಬ ಹೆಸರಿನಲ್ಲಿ ಕಾಣುತ್ತದೆ. ಸ್ವರ ಹಾಕುವಾಗ ನುಡಿಯ ಹಾಗೆ ಬರುತ್ತಿಲ್ಲ ಅನಿಸಿದರೆ ಐಬಸ್ ಎಂ17ಎನ್ ಎಂಬ ಟೈಪಿಂಗ್ ಪ್ರೋಗ್ರಾಂ ಹಾಕಿಕೊಂಡು ಅದರ ಕೆಜಿಪಿ ಆರಿಸಿ. ಇನ್‌ಸ್ಕ್ರಿಪ್ಟ್ ಎಂಬ ಕೀಲಿ ವಿನ್ಯಾಸ ಕಲಿತವರಿಗೆ ಅದೂ ಇದೆ. ಮೊಮ್ಮಗಳು ಒಮ್ಮೆ ಕೂರಿಸಿಕೊಟ್ಟರೆ ಸಾಕು, ಭಾಷೆ ಬದಲಿಸಲು ಎರಡು ಕೀ ಒತ್ತುವುದು ಮಾತ್ರ. ಅಕ್ಷರ ಚಂದ ಬೇಕಿದ್ದರೆ ಗುಬ್ಬಿ, ನವಿಲು ಅಂತ ಎರಡು ಯುನಿಕೋಡ್ ಫಾಂಟುಗಳಿವೆ, ಹಾಕಿ ನೋಡಿ.

ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲಿ ಟೈಪ್ ಮಾಡಿ ಇಟ್ಟವರು ಕಡಿಮೆ. ಇಟ್ಟದ್ದು ಫಾಂಟಿನ ಕಾರಣಕ್ಕೆ ಕಳೆದು ಹೋಗಬಾರದು. ಪರಿವರ್ತನೆಯಲ್ಲಿ ಸಿಕ್ಕಿಬಿದ್ದರೆ ಫೈಲ್ ಹಿಡಿದು ಬದಿಯಡ್ಕಕ್ಕೆ ಬನ್ನಿ. ಈ ಕೆಲಸಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಪ್ರಶ್ನೆ (ಉಪ್ಪಳದಿಂದ)

ನಾನು ಟ್ಯಾಕ್ಸ್ ಕೆಲಸ ಮಾಡುವವನು. ಟ್ಯಾಲಿ, ಡಿಜಿಟಲ್ ಸಿಗ್ನೇಚರ್ ಟೋಕನ್. ನಾನೂ ಬದಲಾಗಬಹುದಾ?

ಉತ್ತರ

ಬೇಡ. ಟ್ಯಾಲಿ ವಿಂಡೋಸಿಗೆ ಮಾಡಿದ್ದು. ವಿಂಡೋಸಿನ ಪ್ರೋಗ್ರಾಂಗಳನ್ನು ಲಿನಕ್ಸಿನಲ್ಲಿ ಓಡಿಸುವ ವೈನ್ ಎಂಬುದರಲ್ಲಿ ಓಡಿಸಿ ನೋಡುವವರಿದ್ದಾರೆ, ಆದರೆ ಬೇರೆಯವರ ಲೆಕ್ಕ ಇಟ್ಟುಕೊಂಡು ಅಂಥ ಪ್ರಯೋಗ ಸರಿಯಲ್ಲ. ಟೋಕನ್ನಿನ ಡ್ರೈವರ್, ಸಹಿ ಹಾಕುವ ಪ್ರೋಗ್ರಾಂ ಎರಡೂ ಕೂಡಿ ಬರಬೇಕು, ರಿಟರ್ನ್ ಹಾಕುವ ಕೊನೇ ದಿನ ಅದು ಕೈ ಕೊಟ್ಟರೆ ಏನು ಮಾಡುತ್ತೀರಿ? ಲಿನಕ್ಸ್ ಕಲಿಯುವ ಆಸೆ ಇದ್ದರೆ ವಿಂಡೋಸಿನ ಒಳಗೆ ವರ್ಚುವಲ್‌ಬಾಕ್ಸ್ ಎಂಬ ಪ್ರೋಗ್ರಾಂ ಹಾಕಿ ಅದರೊಳಗೆ ಓಡಿಸಿ. 8 ಜಿಬಿ ರ‍್ಯಾಮ್ ಇರಬೇಕು, ಬಯೋಸಿನಲ್ಲಿ (ವಿಂಡೋಸ್ ಏಳುವ ಮೊದಲೇ ತೆರೆಯುವ ಸೆಟ್ಟಿಂಗ್ಸ್) ವರ್ಚುವಲೈಸೇಶನ್ ಆನ್ ಇರಬೇಕು. ಬೇಡವಾದರೆ ಡಿಲೀಟ್ ಮಾಡಿದರಾಯಿತು.

ಪ್ರಶ್ನೆ (ಮುಳ್ಳೇರಿಯದಿಂದ)

ಅಣ್ಣ ಅರ್ಜೆಂಟ್. ಹೊಸ ಲ್ಯಾಪ್‌ಟಾಪ್. ಲಿನಕ್ಸ್ ಹಾಕಲು ಅಂತ ವಿಡಿಯೋ ನೋಡಿ ಬಯೋಸಿನಲ್ಲಿ ಸೆಕ್ಯೂರ್ ಬೂಟ್ (ಗುರುತಿಲ್ಲದ ಸಿಸ್ಟಂ ಏಳದಂತೆ ತಡೆಯುವ ಸೆಟ್ಟಿಂಗ್) ಆಫ್ ಮಾಡಿದೆ. ಈಗ ನೀಲಿ ಪರದೆ ಬಂದು 48 ಅಂಕಿಯ ಕೀ ಕೇಳುತ್ತಿದೆ. ರೀಸೆಟ್ ಕೊಡಲಾ?

ಉತ್ತರ

ಕೊಡಬೇಡಿ! ಬಯೋಸಿಗೆ ಹೋಗಿ ಸೆಕ್ಯೂರ್ ಬೂಟನ್ನು ಮೊದಲಿನ ಹಾಗೆ ಆನ್ ಮಾಡಿ. ಎಷ್ಟೋ ಸಲ ಅಲ್ಲಿಗೇ ಸರಿಯಾಗುತ್ತದೆ. ಕೀ ಕೇಳುತ್ತಿರುವುದು ಬಿಟ್‌ಲಾಕರ್, ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನದೇ ವ್ಯವಸ್ಥೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದಾಗ ಕೇಳದೆಯೇ ಆನ್ ಆಗಿರುತ್ತದೆ. ಬಯೋಸಿನಲ್ಲಿ ಏನೋ ಬದಲಾಯಿತು ಅಂತ ಅದಕ್ಕೆ ಗೊತ್ತಾಗಿ ಬಾಗಿಲು ಹಾಕಿಕೊಂಡಿದೆ. ಆದರೂ ಕೇಳಿದರೆ, ಲ್ಯಾಪ್‌ಟಾಪನ್ನು ಮೊದಲು ಸೆಟಪ್ ಮಾಡಿದ ಅಕೌಂಟಿಗೆ ಮೊಬೈಲಿನಿಂದ ಲಾಗಿನ್ ಆಗಿ. ರಿಕವರಿ ಕೀ ಅಲ್ಲಿ ಇರುತ್ತದೆ. ಅಂಗಡಿಯವರು ಸೆಟಪ್ ಮಾಡಿಕೊಟ್ಟದ್ದಾದರೆ ಯಾವ ಇಮೇಲ್ ಹಾಕಿದರು ಅಂತ ಅವರನ್ನೇ ಕೇಳಿ. ಕೀ ಇಲ್ಲದೆ ಡೇಟಾ ತೆಗೆದುಕೊಡುತ್ತೇನೆ ಅನ್ನುವವರಿಗೆ ದುಡ್ಡು ಕೊಡಬೇಡಿ, ಅದು ಆಗುವ ಕೆಲಸವಲ್ಲ.

ಉಬುಂಟು, ಮಿಂಟ್ ಎಂಬ ಲಿನಕ್ಸುಗಳು ಎರಡೂ ಸೆಕ್ಯೂರ್ ಬೂಟ್ ಆನ್ ಇದ್ದರೂ ಏಳುತ್ತವೆ. ಅದನ್ನು ಆಫ್ ಮಾಡುವ ಅಗತ್ಯವೇ ಇರಲಿಲ್ಲ. ಇನ್‌ಸ್ಟಾಲ್ ಮಾಡುವ ಮೊದಲು ಸೆಟ್ಟಿಂಗ್ಸಿನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಆಫ್ ಮಾಡಿ, ಡಿಸ್ಕಿನ ಬೀಗ ಪೂರ್ತಿ ಬಿಚ್ಚುವವರೆಗೆ ಕಾಯಿರಿ. ಕೀಯನ್ನು ಕಾಗದದಲ್ಲೂ ಬರೆದಿಡಿ.

ಪ್ರಶ್ನೆ (ನೀರ್ಚಾಲಿನಿಂದ)

ಎರಡೂ ಹಾಕಿದ್ದೇನೆ, ಚೆನ್ನಾಗಿ ಓಡುತ್ತಿವೆ. ಆದರೆ ಲಿನಕ್ಸ್ ಮುಚ್ಚಿ ವಿಂಡೋಸಿಗೆ ಬಂದರೆ ಗಂಟೆ ತಪ್ಪು. ಬೆಳಿಗ್ಗೆ 10ಕ್ಕೆ 4:30 ತೋರಿಸುತ್ತದೆ. ಬಯೋಸ್ ಬ್ಯಾಟರಿ ಹೋಯಿತಾ?

ಉತ್ತರ

ಬ್ಯಾಟರಿ ಸರಿ ಇದೆ, ಬದಲಿಸಬೇಡಿ. ವ್ಯತ್ಯಾಸ ಸರಿಯಾಗಿ ಐದೂವರೆ ಗಂಟೆ, ನೋಡಿ. ಲಿನಕ್ಸ್ ಒಳಗಿನ ಗಡಿಯಾರವನ್ನು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಸಮಯದಲ್ಲಿ ಇಡುತ್ತದೆ, ಅದಕ್ಕೆ ಐದೂವರೆ ಗಂಟೆ ಕೂಡಿಸಿ ಭಾರತದ ಸಮಯ ತೋರಿಸುತ್ತದೆ. ವಿಂಡೋಸ್ ಅದೇ ಗಡಿಯಾರವನ್ನು ಊರಿನ ಸಮಯ ಅಂತಲೇ ಓದುತ್ತದೆ. ಲಿನಕ್ಸಿನ ಟರ್ಮಿನಲ್ ತೆರೆದು ಇಂಗ್ಲಿಷ್ ಸಣ್ಣಕ್ಷರದಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' (timedatectl set-local-rtc 1) ಎಂಬ ಆದೇಶ ಕೊಡಿ. ಮೊದಲ ಪದ ಒಂದೇ, ನಡುವೆ ಜಾಗ ಬಿಡಬಾರದು. ಆಮೇಲೆ ಎರಡೂ ಒಂದೇ ಗಂಟೆ ತೋರಿಸುತ್ತವೆ. ಬೇಸಿಗೆಗೆ ಒಂದು, ಚಳಿಗೆ ಒಂದು ಅಂತ ಗಡಿಯಾರ ತಿರುಗಿಸುವ ದೇಶಗಳಲ್ಲಿ ಇದರಿಂದ ತೊಂದರೆ ಇದೆ. ನಮ್ಮಲ್ಲಿ ಅದಿಲ್ಲ, ಧೈರ್ಯವಾಗಿ ಹಾಕಿ.

ಪ್ರಶ್ನೆ (ಅಡೂರಿನಿಂದ)

ಪೆನ್ ಡ್ರೈವಿನಲ್ಲಿ ಮಿಂಟ್ ಓಡಿಸಿದೆ. ವೈಫೈ ಕಾಣುವುದೇ ಇಲ್ಲ. ನಮ್ಮಲ್ಲಿ ಕೇಬಲ್ ಇಂಟರ್ನೆಟ್ ಇಲ್ಲ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ಟಿಗೆ ಡ್ರೈವರ್ ಬೇಕು!

ಉತ್ತರ

ಮೊಬೈಲನ್ನು ಚಾರ್ಜಿಂಗ್ ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟ್ ಸೆಟ್ಟಿಂಗ್ಸಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸಿಗೆ ಅದು ವಯರ್ ನೆಟ್ ಹಾಗೆ ಕಾಣುತ್ತದೆ, ಡ್ರೈವರ್ ಏನೂ ಬೇಡ. ನೆಟ್ ಬಂದ ಮೇಲೆ ಮಿಂಟ್‌ನ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬ್ರಾಡ್‌ಕಾಮ್ ಚಿಪ್ ಆದರೆ ಅಲ್ಲೇ ತೋರಿಸುತ್ತದೆ. ರಿಯಲ್‌ಟೆಕ್‌ನ ಕೆಲವು ಚಿಪ್‌ಗಳಿಗೆ ಹೊಸ ಕರ್ನೆಲ್ (ಲಿನಕ್ಸಿನ ಒಳತಿರುಳು) ಬೇಕಾಗಬಹುದು. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ವೈಫೈ ಚಿಪ್‌ನ ಪೂರ್ತಿ ಹೆಸರು, ನಂಬರ್ ಇರುತ್ತದೆ. ಅದನ್ನು ಇಲ್ಲಿ ಹಾಕಿ, ಯಾವುದು ಬೇಕು ಅಂತ ನೋಡಿ ಹೇಳುತ್ತೇನೆ. ಅಲ್ಲಿವರೆಗೆ ಇನ್‌ಸ್ಟಾಲ್ ಒತ್ತಬೇಡಿ.