ಸೀಲಿಯಾಕ್ ಇರುವ ಮಗಳೊಂದಿಗೆ ಹೋಟೆಲ್ ಊಟ: ಏನೇನು ವಿಚಾರಿಸಬೇಕು?

ಪ್ರಶ್ನೆ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನನ್ನ ಹನ್ನೊಂದು ವರ್ಷದ ಮಗಳಿಗೆ ಸೀಲಿಯಾಕ್ ಕಾಯಿಲೆ ಇರುವುದು ಈ ವರ್ಷ ಖಚಿತವಾಗಿದ್ದು, ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ, ಈ ಕಾಯಿಲೆಯಲ್ಲಿ ಕರುಳಿಗೆ ಹಾನಿ ಮಾಡುವ ಗ್ಲುಟೆನ್ ಎಂಬ ಪ್ರೋಟೀನನ್ನು ಜೀವನಪೂರ್ತಿ ಬಿಡಬೇಕೆಂದು ವೈದ್ಯರು ತಿಳಿಸಿದ್ದಾರೆ. ಮನೆಯ ಅಡುಗೆಗೆ ಹೊಂದಿಕೊಂಡಿದ್ದೇವೆ. ಮುಂದಿನ ತಿಂಗಳು ಹುಬ್ಬಳ್ಳಿಯಲ್ಲಿ ಮದುವೆ ಇರುವುದರಿಂದ ದಾರಿಯಲ್ಲಿ ಹೋಟೆಲ್ ಊಟ ತಪ್ಪುವುದಿಲ್ಲ. ಇಡ್ಲಿ, ದೋಸೆ, ಅನ್ನ-ಸಾರು ಎಲ್ಲವೂ ಅಕ್ಕಿಯವೇ ಆದ್ದರಿಂದ ಭಯವಿಲ್ಲವೆಂದು ಬಂಧುಗಳು ಹೇಳುತ್ತಾರೆ. ಚಪಾತಿ, ಪೂರಿ ಬಿಟ್ಟರೆ ಸಾಕೇ?

ಉತ್ತರ 1 (ಮೈಸೂರು)

ಸಾಲದು. ಮೊದಲು ವಿಚಾರಿಸಬೇಕಾದದ್ದು ಇಂಗನ್ನು. ಶುದ್ಧ ಇಂಗು ಗಿಡದ ಬೇರಿನಿಂದ ಒಸರುವ ಅಂಟು, ಅದರಲ್ಲಿ ಗ್ಲುಟೆನ್ ಇಲ್ಲ. ಆದರೆ ಅದರ ಘಾಟು ವಿಪರೀತವಾದ್ದರಿಂದ ಅಂಗಡಿಯಲ್ಲಿ ದೊರೆಯುವ ಇಂಗಿನ ಪುಡಿಗೆ ಹಿಟ್ಟು ಬೆರೆಸಿರುತ್ತಾರೆ, ಹಲವು ಬ್ರಾಂಡ್‌ಗಳಲ್ಲಿ ಅದು ಮೈದಾ ಅಥವಾ ಗೋಧಿಹಿಟ್ಟೇ ಆಗಿರುತ್ತದೆ. ಸಾಂಬಾರು, ಸಾರು, ಬಿಸಿಬೇಳೆಬಾತ್, ಉಪ್ಪಿನಕಾಯಿ, ಮಸಾಲೆ ಮಜ್ಜಿಗೆ ಎಲ್ಲಕ್ಕೂ ಇಂಗು ಬೀಳುತ್ತದೆ. 'ಗೋಧಿ ಹಾಕಿದ್ದೀರಾ' ಎಂದು ಕೇಳಿದರೆ ಅಡುಗೆ ಭಟ್ಟರು 'ಇಲ್ಲ' ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಏಕೆಂದರೆ ಅವರು ಹಾಕಿದ್ದು ಇಂಗನ್ನು ಮಾತ್ರ. ಆದ್ದರಿಂದ ಒಗ್ಗರಣೆಗೆ ಯಾವ ಇಂಗು ಬಳಸುತ್ತಾರೆಂದು ಕೇಳಿ, ಡಬ್ಬಿಯನ್ನೇ ತೋರಿಸಲು ವಿನಂತಿಸಿ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಮಾರುಕಟ್ಟೆಯಲ್ಲಿದೆ.

ಎರಡನೆಯದು ದೋಸೆಯ ಕಾವಲಿ. ದರ್ಶಿನಿಗಳಲ್ಲಿ ಕಾವಲಿಯ ಮೇಲೆ ನೀರು ಚಿಮುಕಿಸಿ ಕಡ್ಡಿಪೊರಕೆಯಿಂದ ಗುಡಿಸಿ ಮುಂದಿನ ದೋಸೆ ಹುಯ್ಯುವುದನ್ನು ನೀವು ನೋಡಿರುತ್ತೀರಿ. ಸ್ವಲ್ಪ ಹೊತ್ತಿನ ಮುಂಚೆ ಅಲ್ಲಿ ರವೆ ದೋಸೆ ಬೆಂದಿದ್ದರೆ ಅದರ ಚೂರುಗಳು ಅದೇ ಪೊರಕೆಯಲ್ಲಿರುತ್ತವೆ. ನಮ್ಮ ದೇಶದ ನಿಯಮದಂತೆ ಗ್ಲುಟೆನ್‌ರಹಿತ ಆಹಾರದಲ್ಲಿ ಕಿಲೋಗ್ರಾಮಿಗೆ 20 ಮಿಲಿಗ್ರಾಂ ಮೀರಿ ಗ್ಲುಟೆನ್ ಇರಕೂಡದು. ಇದನ್ನು ನೆನೆದರೆ ಆ ಚೂರು ಅಲಕ್ಷಿಸುವಂಥದ್ದಲ್ಲ. ಹಬೆಯಲ್ಲಿ ಬೇಯುವ ಅಕ್ಕಿ ಇಡ್ಲಿಯೇ ಹೆಚ್ಚು ವಾಸಿ, ಆದರೆ ರವೆ ಇಡ್ಲಿ ಗೋಧಿಯದು ಎಂಬುದನ್ನು ಮಗಳಿಗೂ ಹೇಳಿಕೊಡಿ. ಬೋಂಡ, ಪೂರಿ ಕರಿದ ಎಣ್ಣೆಯಲ್ಲಿಯೇ ಕರಿದ ಉದ್ದಿನ ವಡೆಯೂ ಬೇಡ.

ಉತ್ತರ 2 (ಹುಬ್ಬಳ್ಳಿ)

ನಮ್ಮ ಕಡೆ ಜೋಳದ ರೊಟ್ಟಿ ಇದೆಯೆಂದು ನಿಶ್ಚಿಂತೆಯಿಂದ ಇರಬೇಡಿರಿ. ರೊಟ್ಟಿ ಹರಿಯದಿರಲೆಂದು ಕೆಲವರು ಒಂದು ಹಿಡಿ ಗೋಧಿಹಿಟ್ಟು ಸೇರಿಸುವುದುಂಟು. ಚಪಾತಿ ಲಟ್ಟಿಸಿದ ಕಟ್ಟೆಯ ಮೇಲೆಯೇ ರೊಟ್ಟಿ ಬಡಿಯುವುದೂ ಉಂಟು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಅಕ್ಕನವರನ್ನೇ ನೇರವಾಗಿ ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ.

ಮದುವೆಮನೆಯಲ್ಲಿ ಹಿಂದಿನ ದಿನವೇ ಅಡುಗೆಯವರನ್ನು ಕಂಡು, ಒಗ್ಗರಣೆಗೆ ಮುನ್ನ ಮಗುವಿನ ಪಾಲಿನ ಬೇಳೆ-ಪಲ್ಯವನ್ನು ಬೇರೆ ಪಾತ್ರೆಗೆ ತೆಗೆದಿಡಲು ಹೇಳಿರಿ. ಪಂಕ್ತಿಯಲ್ಲಿ ಹೋಳಿಗೆ ಬಡಿಸಿದ ಕೈ ಅನ್ನಕ್ಕೂ ಬರುವುದರಿಂದ, ಆ ಹುಡುಗಿಗೆ ನೀವೇ ಬಡಿಸುವುದು ಒಳ್ಳೆಯದು.

ಉತ್ತರ 3 (ಬೆಂಗಳೂರು)

ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲ್‌ಗಳು ಅಲರ್ಜಿಕಾರಕ ಪದಾರ್ಥಗಳ ಮಾಹಿತಿಯನ್ನು ಗ್ರಾಹಕರಿಗೆ ನೀಡಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಾವಳಿ ಹೇಳುತ್ತದೆ; ಅಲ್ಲಿ ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಇನ್ನೊಂದು ಮಾತು: ತಿಂದ ಮೇಲೆ ಮಗಳಿಗೆ ಏನೂ ಆಗಲಿಲ್ಲವೆಂದು ಆ ಹೋಟೆಲನ್ನು ಸುರಕ್ಷಿತವೆಂದು ಎಣಿಸಬೇಡಿ, ಏಕೆಂದರೆ ಸೀಲಿಯಾಕ್‌ನಲ್ಲಿ ಹೊಟ್ಟೆನೋವು ಕಾಣಿಸದಿದ್ದರೂ ಸಣ್ಣ ಕರುಳಿನ ಒಳಪದರಕ್ಕೆ ಹಾನಿ ಆಗುತ್ತಿರಬಹುದು.