ಆಸ್ಪತ್ರೆಗೆ ಬಂದ ಪರವೂರಿನವರಿಗೆ ನಾವೇನು ಮಾಡಬಹುದು? – ಅನುಭವ ಹಂಚಿಕೆ

ಕೋರಿಕೆ: ನನ್ನ ಕಚೇರಿ ಬೆಂಗಳೂರಿನ ಹೊಸೂರು ರಸ್ತೆಯ ಬದಿಯಲ್ಲಿದೆ. ಕಿದ್ವಾಯಿ, ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಎಲ್ಲವೂ ಹತ್ತಿರ ಹತ್ತಿರ ಇರುವುದರಿಂದ, ಎಕ್ಸ್-ರೇ ಕವರು ಹಿಡಿದು ದಾರಿ ಕೇಳುವವರು ಬಸ್ ನಿಲ್ದಾಣದಲ್ಲಿ ದಿನವೂ ಸಿಗುತ್ತಾರೆ. ಅವರಿಗೆ ದಾರಿ ತೋರಿಸಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಆದರೆ ಹಣ ಕೊಟ್ಟರೆ ನೊಂದುಕೊಂಡಾರೇನೋ, ಗುರುತಿಲ್ಲದ ನನ್ನನ್ನು ನಂಬುವರೋ ಇಲ್ಲವೋ ಎಂಬ ಅಳುಕೂ ಇದೆ. ಕೆಲಸದ ನಡುವೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳಬಲ್ಲ ಹೆಣ್ಣುಮಗಳೊಬ್ಬಳು ಏನು ಮಾಡಬಹುದೆಂದು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ನಿವೃತ್ತ ಶುಶ್ರೂಷಕಿ, ಮೈಸೂರು: ವೃತ್ತಿಜೀವನವನ್ನೆಲ್ಲ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲೇ ಕಳೆದವಳು ನಾನು. ದೂರದಿಂದ ಬಂದವರಿಗೆ ಹಣಕ್ಕಿಂತ ಮೊದಲು ಬೇಕಾಗುವುದು ಕೈಯಲ್ಲಿರುವ ಚೀಟಿಯನ್ನು ಓದಿ ಹೇಳುವ ಜನ. ಒಮ್ಮೆ ಹೊರರೋಗಿ ವಿಭಾಗದ ಮೆಟ್ಟಿಲ ಬಳಿ ವೃದ್ಧ ದಂಪತಿ ಮಧ್ಯಾಹ್ನವಾದರೂ ಹನಿ ನೀರು ಕುಡಿಯದೆ ಕುಳಿತಿದ್ದರು. ಪಕ್ಕದಲ್ಲಿದ್ದ ಕಾಲೇಜು ಹುಡುಗಿ ವಿಚಾರಿಸಿದಾಗ ಅಜ್ಜಿ, “ಖಾಲಿ ಹೊಟ್ಟೀಲೆ ಬರ್ರಿ ಅಂದಾರವ್ವಾ, ಇನ್ನೂ ಕರ್ದಿಲ್ಲ” ಎಂದರು. ಅವಳು ಚೀಟಿ ನೋಡಿದರೆ ರಕ್ತಪರೀಕ್ಷೆ ಇದ್ದದ್ದು ಮರುದಿನ. ಅಜ್ಜನಿಗೆ ಸಕ್ಕರೆ ಕಾಯಿಲೆಯಿತ್ತು, ಕೈ ಆಗಲೇ ನಡುಗುತ್ತಿತ್ತು. ವಾರ್ಡಿನಿಂದ ವಾರ್ಡಿಗೆ ಓಡಾಡುತ್ತಿದ್ದ ನಮ್ಮಲ್ಲಿ ಯಾರ ಕಣ್ಣಿಗೂ ಬೀಳದ ಸಂಗತಿಯನ್ನು ಆ ಹುಡುಗಿ ಕಂಡಳು.

ಆದ್ದರಿಂದ ನಿಮ್ಮ ಅರ್ಧ ಗಂಟೆಯನ್ನು ಓದುವುದಕ್ಕೂ ಬರೆದುಕೊಡುವುದಕ್ಕೂ ಮೀಸಲಿಡಿ. ಯಾವ ದಿನ, ಯಾವ ಮಹಡಿ, ಯಾವ ಕೊಠಡಿ, ಉಪವಾಸ ಬರಬೇಕೋ ಬೇಡವೋ ಎಂಬುದನ್ನು ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದುಕೊಟ್ಟರೆ, ಅದನ್ನು ತೋರಿಸಿಕೊಂಡು ಅವರೇ ಮುಂದಿನ ಕೆಲಸವನ್ನು ಪೂರೈಸುತ್ತಾರೆ. ಮಾತ್ರೆಯ ಪ್ರಮಾಣವನ್ನು ಮಾತ್ರ ನೀವು ಊಹಿಸಿ ಹೇಳಬಾರದು; ಔಷಧ ಕೊಡುವ ಕಿಟಕಿಯಲ್ಲಿ ಕೇಳಿ, ಅವರು ಹೇಳಿದ್ದನ್ನಷ್ಟೇ ಬರೆಯಿರಿ. ಚೀಟಿಯಲ್ಲಿರುವ ಕಾಯಿಲೆಯ ಹೆಸರನ್ನು ಗಟ್ಟಿಯಾಗಿ ಓದಲೇಬೇಡಿ. ತಂದೆತಾಯಿಗೆ ಕ್ಯಾನ್ಸರ್ ಎಂಬುದನ್ನು ಅವರಿಗೇ ತಿಳಿಸದೆ, ‘ಗಂಟಲು ನೋವು, ತೋರಿಸಿಕೊಂಡು ಬರೋಣ’ ಎಂದು ಕರೆತಂದ ಮಕ್ಕಳನ್ನು ನಾನು ಬಹಳ ನೋಡಿದ್ದೇನೆ. ಅದು ಸರಿಯೋ ತಪ್ಪೋ ಎಂದು ತೀರ್ಮಾನಿಸುವ ಹಕ್ಕು ದಾರಿಯಲ್ಲಿ ಸಿಕ್ಕ ನಮಗಿಲ್ಲ.

ಇನ್ನು ನಂಬಿಕೆಯ ಮಾತು. ಕಡತ ಸದಾ ಅವರ ಕೈಯಲ್ಲೇ ಇರಲಿ, ಅದನ್ನು ಹಿಡಿದುಕೊಂಡು ನೀವು ಮುಂದೆ ನಡೆಯಬೇಡಿ. ಆಸ್ಪತ್ರೆಗಳ ಸುತ್ತ ತಿರುಗುವ ದಲ್ಲಾಳಿಗಳು ಮೊದಲು ಕೈಹಾಕುವುದೇ ಕಡತಕ್ಕೆ.

ರಾಯಚೂರು ಜಿಲ್ಲೆಯಿಂದ: ಅಕ್ಕಾರೆ, ನಾನು ನೀವು ಹೇಳಿದ ನಿಲ್ದಾಣದಲ್ಲಿ ದಾರಿ ಕೇಳಿದವರ ಪೈಕಿಯವನು. ಅವ್ವನನ್ನು ಕರೆದುಕೊಂಡು ರಾತ್ರಿ ಬಸ್ಸಿನಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಇಳಿದು ಆಸ್ಪತ್ರೆ ಸೇರುತ್ತಿದ್ದೆ. ಜೊತೆಗೆ ಇನ್ನೊಬ್ಬರು ಇಲ್ಲದಿದ್ದರೆ ಎದುರಾಗುವ ಕಷ್ಟ ಅನುಭವಿಸಿದವರಿಗೇ ಗೊತ್ತು. ರೋಗಿಯನ್ನು ಬೆಂಚಿನ ಮೇಲೆ ಒಬ್ಬರನ್ನೇ ಬಿಟ್ಟು ಸರದಿಯಲ್ಲಿ ನಿಲ್ಲಲಾಗದು. ಸರದಿ ಬಿಟ್ಟರೆ ಆ ದಿನವೇ ಹೋಯಿತು. ಒಂದು ಬೆಳಿಗ್ಗೆ ಅವ್ವನಿಗೆ ಶೌಚಾಲಯಕ್ಕೆ ಹೋಗಬೇಕಾಗಿತ್ತು. ಹಿಡಿದುಕೊಳ್ಳದೆ ನಡೆಯುವ ಶಕ್ತಿ ಅವಳಿಗಿರಲಿಲ್ಲ, ಹೆಂಗಸರ ಕಡೆಗೆ ನಾನು ಹೋಗುವಂತಿರಲಿಲ್ಲ. ಹಿಂದೆ ನಿಂತಿದ್ದ ತಮಿಳು ಮಾತನಾಡುವ ಒಬ್ಬ ತಾಯಿ ನನ್ನ ಮುಖ ನೋಡಿಯೇ ಅರ್ಥಮಾಡಿಕೊಂಡು, ತಮ್ಮ ಚೀಲವನ್ನು ನನ್ನ ಕಾಲ ಬಳಿ ಇಟ್ಟು, ಅವ್ವನ ಸೊಂಟಕ್ಕೆ ಕೈಕೊಟ್ಟು ನಡೆಸಿಕೊಂಡು ಹೋದರು. ಬರುವಾಗ ಅವ್ವನ ಮುಖ ತೊಳೆಸಿ, ತಲೆಗೂದಲು ಕಟ್ಟಿ, ಸೆರಗು ಸರಿಪಡಿಸಿ ಕರೆತಂದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ಅವ್ವನಿಗೆ ತಮಿಳು ಬರುತ್ತಿರಲಿಲ್ಲ. ಅವರ ಹೆಸರನ್ನೂ ಕೇಳಲಾಗಲಿಲ್ಲ, ಅಷ್ಟರಲ್ಲಿ ನನ್ನ ಸರದಿ ಬಂದಿತ್ತು.

ನೀವು ಹೆಣ್ಣುಮಗಳು ಎಂದು ಬರೆದಿದ್ದರಿಂದ ಇದನ್ನು ಹೇಳಬೇಕೆನಿಸಿತು. ತಾಯಿಯೊಂದಿಗೆ ಮಗ ಒಬ್ಬನೇ ಬಂದಿರುವುದು ಕಂಡರೆ, “ಅವ್ವನ ಹತ್ರ ನಾನು ಕೂತಿರ್ತೀನಿ, ನೀವು ಹೋಗಿ ಬನ್ನಿ” ಎಂಬ ಒಂದು ಮಾತು ಸಾಕು. ಹಾಗೆಯೇ ಪಡಿತರ ಚೀಟಿ, ಆಧಾರ್ ತಂದಿದ್ದಾರೆಯೇ ಎಂದು ಕೇಳಿ. ಬಿ.ಪಿ.ಎಲ್. ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಸಿಗುತ್ತದೆಂಬುದು ನಮ್ಮ ಕಡೆಯ ಎಷ್ಟೋ ಮಂದಿಗೆ ಬೆಂಗಳೂರಿಗೆ ಬಂದ ಮೇಲೆಯೇ ತಿಳಿಯುವುದು.

ರಕ್ತದಾನಿ, ಬೆಂಗಳೂರು: ಶಸ್ತ್ರಚಿಕಿತ್ಸೆಗೆ ಮೊದಲು ‘ರಕ್ತ ಕೊಡುವವರನ್ನು ಕರೆತನ್ನಿ’ ಎಂದಾಗ, ಈ ಊರಿನಲ್ಲಿ ಒಬ್ಬರ ಪರಿಚಯವೂ ಇಲ್ಲದವರಿಗೆ ದಿಕ್ಕೇ ತೋಚುವುದಿಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ ಹಣಕ್ಕಾಗಿ ರಕ್ತ ಕೊಡುವುದು 1998ರ ಜನವರಿ 1ರಿಂದ ನಿಷಿದ್ಧವಾಗಿದೆ. ಆದರೂ ಗೇಟಿನ ಹೊರಗೆ ಹಣ ಕೇಳಿದವರಿಗೆ, ಬೇರೆ ದಾರಿ ಕಾಣದೆ ಕೊಟ್ಟು ಬರುವವರಿದ್ದಾರೆ. 18ರಿಂದ 65 ವರ್ಷದೊಳಗಿನ, ಕನಿಷ್ಠ 45 ಕಿಲೋ ತೂಕದ, ಹಿಮೋಗ್ಲೋಬಿನ್ 12.5ಕ್ಕೆ ಕಡಿಮೆಯಿಲ್ಲದ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಕ್ಯಾನ್ಸರ್ ರೋಗಿಗಳಿಗೆ ಬೇಕಾಗುವ ಪ್ಲೇಟ್‌ಲೆಟ್‌ಗಳನ್ನು ಸಾಮಾನ್ಯವಾಗಿ ಐದು ದಿನಕ್ಕಿಂತ ಹೆಚ್ಚು ಇಡಲಾಗುವುದಿಲ್ಲವಾದ್ದರಿಂದ, ದಾನಿಗಳು ವರ್ಷಪೂರ್ತಿ ಬರುತ್ತಲೇ ಇರಬೇಕು. ನಿಮ್ಮ ಕಚೇರಿಯವರು ಹುಟ್ಟುಹಬ್ಬಕ್ಕೋ ರಾಜ್ಯೋತ್ಸವಕ್ಕೋ ಒಟ್ಟಿಗೆ ಹೋಗಿ ಕೊಡುವ ಬದಲು, ಸರದಿಯಂತೆ ಒಬ್ಬೊಬ್ಬರಾಗಿ ಹೋಗುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ.

ಡಯಾಲಿಸಿಸ್ ರೋಗಿಯ ಮಗಳು, ತುಮಕೂರು: ರೋಗಿಗೆ ತಿನ್ನಲು, ಕುಡಿಯಲು ಏನನ್ನೂ ಕೇಳದೆ ಕೊಡಬೇಡಿ. ಪ್ರೀತಿಯಿಂದ ತಂದ ಎಳನೀರಿನಲ್ಲಿರುವ ಪೊಟ್ಯಾಸಿಯಂ ಕಿಡ್ನಿ ಸೋತವರ ಹೃದಯಕ್ಕೇ ಅಪಾಯ ತರಬಲ್ಲದು. ಅರಿವಳಿಕೆ ಕೊಡುವ ಮುನ್ನ ಹೊಟ್ಟೆಗೆ ಏನಾದರೂ ಬಿದ್ದಿದ್ದರೆ ಶಸ್ತ್ರಚಿಕಿತ್ಸೆಯೇ ಮುಂದೂಡಿಹೋಗುತ್ತದೆ. ಜೊತೆಗೆ ಬಂದವರಿಗೆ ಊಟ ಕೊಡಿ. ಉಣ್ಣುವುದನ್ನೇ ಮರೆತವರು ಅವರು.

ನಿವೃತ್ತ ಬಸ್ ನಿರ್ವಾಹಕ, ಹಾಸನ: ಹಣ ಕೊಡುವ ಮನಸ್ಸಿದ್ದರೆ ಕೈಗೆ ಕೊಡದೆ, ಔಷಧದಂಗಡಿಯಲ್ಲಿ ಬಿಲ್ ಕಟ್ಟಿ, ಇಲ್ಲವೇ ಊರಿಗೆ ಟಿಕೆಟ್ ಮಾಡಿಸಿಕೊಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸಾರಿಗೆಯಲ್ಲಿ ಟಿಕೆಟ್ ಹಣದ ಚಿಂತೆಯಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಗಂಡಸರಿಗೆ ಮಾತ್ರ ಟಿಕೆಟ್ ಮಾಡಿಸಿದರೆ ಸಾಕು. ಪ್ರತಿಯಾಗಿ ಅವರು ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮುಂದಿಟ್ಟರೆ ಬೇಡವೆನ್ನದೆ ತಿನ್ನಿ. ಆಗ ಅವರಿಗೆ ನಿಮ್ಮ ಸಹಾಯ ಭಾರವೆನಿಸುವುದಿಲ್ಲ. ಬಸ್ ಹತ್ತಿಸುವಾಗ ನಿರ್ವಾಹಕರಿಗೆ ‘ಆಸ್ಪತ್ರೆಯಿಂದ ಬಂದವರು’ ಎಂದು ಒಂದು ಮಾತು ಹೇಳಿ. ಕೊನೆಯ ಸಾಲುಗಳಲ್ಲಿ ಎತ್ತಿಹಾಕುವುದು ಹೆಚ್ಚು, ಹೊಲಿಗೆ ಹಾಕಿಸಿಕೊಂಡವರು ಅದನ್ನು ತಾಳಲಾರರು. ನಡುವಿನ ಸಾಲಿನಲ್ಲಿ ಕಿಟಕಿ ಪಕ್ಕ ಜಾಗ ಕೊಡಿಸಿ, ಕೀಮೋ ಆದವರಿಗೆ ವಾಂತಿ ಬರಬಹುದಾದ್ದರಿಂದ ಒಂದೆರಡು ಗಟ್ಟಿ ಕವರುಗಳನ್ನು ಅವರ ಚೀಲದಲ್ಲಿ ಮೇಲೆಯೇ ಇಟ್ಟು ಕಳುಹಿಸಿ.