ಪ್ರಶ್ನೋತ್ತರ: ಗರ್ಭಿಣಿಯರಲ್ಲಿ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಪರೀಕ್ಷೆ

ಪ್ರಶ್ನೆ (ಡಲ್ಲಾಸ್‌ನಿಂದ ಒಬ್ಬ ಸದಸ್ಯೆ):
ಡಾಕ್ಟರೇ, ನಮಸ್ಕಾರ. ನನಗೆ ಈಗ 37ನೇ ವಾರ, ಚೊಚ್ಚಲ ಬಸಿರು. ಕಳೆದ ವಾರ ಸ್ವ್ಯಾಬ್ ತೆಗೆದುಕೊಂಡಿದ್ದರು. ನಿನ್ನೆ ರಾತ್ರಿ ‘ಜಿಬಿಎಸ್ ಪಾಸಿಟಿವ್’ ಎಂದು ಫೋನಿಗೆ ರಿಪೋರ್ಟ್ ಬಂತು. ಬಾಣಂತನಕ್ಕೆಂದು ಊರಿನಿಂದ ಬಂದಿರುವ ಅಮ್ಮ, ಪುಣೆಯಲ್ಲಿ ಹರಡಿತೆಂದು ಟಿವಿಯಲ್ಲಿ ತೋರಿಸಿದ ಜಿಬಿಎಸ್ ಇದೇ ಎಂದುಕೊಂಡು ಗಾಬರಿಯಾಗಿದ್ದಾರೆ. ನನಗೆ ಜ್ವರವಿಲ್ಲ, ಉರಿಯಿಲ್ಲ, ಬೇರೆ ಯಾವ ತೊಂದರೆಯೂ ಇಲ್ಲ. ಈಗಲೇ ಔಷಧಿ ಕೊಡಿ ಎಂದು ಕೇಳಿದರೆ, ಹೆರಿಗೆ ನೋವು ಶುರುವಾದ ಮೇಲೆ ಕೊಡುತ್ತೇವೆ ಎಂದು ಕ್ಲಿನಿಕ್ಕಿನಲ್ಲಿ ಹೇಳಿ ಕಳಿಸಿದರು. ಅಲ್ಲಿಯವರೆಗೆ ಸುಮ್ಮನಿರುವುದು ಸರಿಯೇ?

ಉತ್ತರ:
ಮೊದಲು ನಿಮ್ಮ ತಾಯಿಯವರ ಆತಂಕವನ್ನು ಕಳೆಯೋಣ. 2025ರ ಆರಂಭದಲ್ಲಿ ಪುಣೆಯಲ್ಲಿ ಸುದ್ದಿಯಾದದ್ದು ಗಿಲನ್-ಬಾರೆ ಸಿಂಡ್ರೋಮ್ ಎಂಬ ನರಗಳ ಕಾಯಿಲೆ. ನಿಮ್ಮ ರಿಪೋರ್ಟಿನಲ್ಲಿರುವುದು ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾ. ಎರಡರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಒಂದೇ ಆಗಿರುವುದನ್ನು ಬಿಟ್ಟರೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಗೊಂದಲ ಬೇಡವೆಂದು ನಾನು ಮುಂದೆ ‘ಗ್ರೂಪ್ ಬಿ ಸ್ಟ್ರೆಪ್’ ಎಂದೇ ಬರೆಯುತ್ತೇನೆ.

ಈ ಬ್ಯಾಕ್ಟೀರಿಯಾ ಕರುಳಿನಲ್ಲಿ ಮತ್ತು ಯೋನಿಮಾರ್ಗದಲ್ಲಿ ಯಾವ ಉಪದ್ರವವನ್ನೂ ಕೊಡದೆ ಇರುತ್ತದೆ. ಅಮೆರಿಕದಲ್ಲಿ ಸುಮಾರು ನಾಲ್ವರು ಗರ್ಭಿಣಿಯರಲ್ಲಿ ಒಬ್ಬರಿಗೆ ಪಾಸಿಟಿವ್ ಬರುತ್ತದೆ. ಆದ್ದರಿಂದ ನಿಮ್ಮ ರಿಪೋರ್ಟ್ ಹೇಳುತ್ತಿರುವುದು ನಿಮಗೆ ರೋಗವಿದೆ ಎಂದಲ್ಲ, ಅಶುಚಿಯಿಂದ ಬಂತು ಎಂದೂ ಅಲ್ಲ, ಗಂಡನಿಂದ ತಗುಲಿದ ಗುಹ್ಯರೋಗ ಎಂದಂತೂ ಅಲ್ಲ. ಈ ಮೂರನೆಯ ಅನುಮಾನವನ್ನು ಬಾಯಿಬಿಟ್ಟು ಕೇಳಲಾರದೆ ಮನಸ್ಸಿನಲ್ಲೇ ಕೊರಗಿದವರನ್ನು ನಾನು ಕಂಡಿರುವುದರಿಂದ ಕೇಳದಿದ್ದರೂ ಹೇಳುತ್ತಿದ್ದೇನೆ.

ಅಪಾಯವಿರುವುದು ಕೂಸಿಗೆ, ಅದೂ ಕೆಲವೇ ಕೂಸುಗಳಿಗೆ. ಏನೂ ಚಿಕಿತ್ಸೆ ಕೊಡದಿದ್ದರೆ ಪಾಸಿಟಿವ್ ಇರುವ ತಾಯಂದಿರ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳ ಮೈಗೆ ಹೆರಿಗೆಯ ಹೊತ್ತಿನಲ್ಲಿ ಈ ಬ್ಯಾಕ್ಟೀರಿಯಾ ಅಂಟುತ್ತದೆ. ಹಾಗೆ ಅಂಟಿದ ಮಕ್ಕಳಲ್ಲಿ ನೂರಕ್ಕೆ ಒಂದೋ ಎರಡೋ ಮಾತ್ರ ಕಾಯಿಲೆ ಬೀಳುತ್ತವೆ. ಆದರೆ ಬಿದ್ದ ಮಗುವಿಗೆ ರಕ್ತದ ಸೋಂಕು, ನ್ಯುಮೋನಿಯಾ, ಒಮ್ಮೊಮ್ಮೆ ಮೆದುಳುಪೊರೆಯ ಉರಿಯೂತ ಬರುತ್ತದೆ, ಮತ್ತು ಅದು ಹುಟ್ಟಿದ ಕೆಲವೇ ಗಂಟೆಗಳಲ್ಲಿ ಕೈಮೀರಬಹುದು. ಇಷ್ಟೆಲ್ಲ ಎಚ್ಚರಿಕೆ ಆ ಕೆಲವು ಮಕ್ಕಳಿಗಾಗಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಇಂದೇ ಮಾತ್ರೆ ಕೊಟ್ಟರೆ ಬ್ಯಾಕ್ಟೀರಿಯಾ ತಾತ್ಕಾಲಿಕವಾಗಿ ಮರೆಯಾಗಬಹುದು, ಆದರೆ ಅದರ ನೆಲೆ ಕರುಳಾದ್ದರಿಂದ ಹೆರಿಗೆಯ ಹೊತ್ತಿಗೆ ಮತ್ತೆ ಬಂದಿರುತ್ತದೆ. ನಮಗೆ ಬೇಕಾಗಿರುವುದು ಮಗು ಆ ಮಾರ್ಗದಲ್ಲಿ ಇಳಿದು ಬರುವ ಗಳಿಗೆಯಲ್ಲಿ ನಿಮ್ಮ ರಕ್ತದಲ್ಲೂ ಮಗುವಿನ ರಕ್ತದಲ್ಲೂ ಔಷಧಿ ಇರುವುದು. ಅದಕ್ಕಾಗಿಯೇ ನೋವು ಶುರುವಾದಾಗ ಅಥವಾ ನೀರು ಹೋದಾಗ ಪೆನಿಸಿಲಿನ್ ಅನ್ನು ರಕ್ತನಾಳದ ಮೂಲಕ (ಡ್ರಿಪ್‌ನಲ್ಲಿ) ಕೊಡುತ್ತಾರೆ: ಮೊದಲಿಗೆ 50 ಲಕ್ಷ ಯೂನಿಟ್, ನಂತರ ಹೆರಿಗೆಯಾಗುವವರೆಗೆ ನಾಲ್ಕು ಗಂಟೆಗೊಮ್ಮೆ 25ರಿಂದ 30 ಲಕ್ಷ ಯೂನಿಟ್. ಹೆರಿಗೆಗೆ ಕನಿಷ್ಠ ನಾಲ್ಕು ಗಂಟೆ ಮೊದಲೇ ಮೊದಲ ಡೋಸ್ ಹೋಗಿದ್ದರೆ ರಕ್ಷಣೆ ಚೆನ್ನಾಗಿರುತ್ತದೆ. ಹಾಗಾಗಿ ನಿಮ್ಮ ಕ್ಲಿನಿಕ್ಕಿನವರು ಸುಮ್ಮನೆ ಕಳಿಸಿದ್ದಲ್ಲ, ಸರಿಯಾದ ಸಮಯಕ್ಕೆ ಕಾಯುತ್ತಿದ್ದಾರೆ.

ಪ್ರಶ್ನೆ (ಲಂಡನ್ ಹತ್ತಿರದಿಂದ):
ನಾನು 34ನೇ ವಾರದ ಗರ್ಭಿಣಿ. ಇಲ್ಲಿ ಮಿಡ್‌ವೈಫ್ ಅವರನ್ನು ಕೇಳಿದರೆ ಎಲ್ಲರಿಗೂ ಈ ಪರೀಕ್ಷೆ ಮಾಡುವುದಿಲ್ಲ ಎಂದರು. ಅಮೆರಿಕದಲ್ಲಿ ಕಡ್ಡಾಯದಂತೆ ಮಾಡುವುದನ್ನು ಇಲ್ಲಿ ಬೇಡವೆನ್ನುವುದಕ್ಕೆ ದುಡ್ಡು ಉಳಿಸುವುದಲ್ಲದೆ ಬೇರೆ ಕಾರಣವಿದೆಯೇ?

ಉತ್ತರ:
ಇದೆ. ಆದರೂ ನಿಮ್ಮ ಅಸಮಾಧಾನ ಅರ್ಥವಾಗುವಂಥದ್ದೇ.

ಅಮೆರಿಕದ ಕಥೆಯನ್ನು ಮೊದಲು ಹೇಳುತ್ತೇನೆ. ಅಲ್ಲಿ 1990ರ ದಶಕದ ಆರಂಭದಲ್ಲಿ ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 1.8ರಷ್ಟು ಮಕ್ಕಳಿಗೆ ಮೊದಲ ವಾರದೊಳಗೆ ಈ ಕಾಯಿಲೆ ಬರುತ್ತಿತ್ತು. 1996ರ ಮಾರ್ಗಸೂಚಿಯಲ್ಲಿ ಎರಡು ದಾರಿಗಳಿದ್ದವು: ಎಲ್ಲರಿಗೂ ಸ್ವ್ಯಾಬ್ ಮಾಡುವುದು, ಇಲ್ಲವೇ ಅಪಾಯದ ಲಕ್ಷಣವಿದ್ದವರಿಗೆ ಮಾತ್ರ ಔಷಧಿ ಕೊಡುವುದು. ಎರಡನ್ನೂ ಹೋಲಿಸಿ ನೋಡಿದಾಗ ಮೊದಲನೆಯದೇ ಹೆಚ್ಚು ಮಕ್ಕಳನ್ನು ಕಾಪಾಡಿದ್ದು ಕಂಡುಬಂದು, 2002ರಲ್ಲಿ ಎಲ್ಲ ಗರ್ಭಿಣಿಯರಿಗೂ ಪರೀಕ್ಷೆ ಎಂದಾಯಿತು. 2015ರ ಹೊತ್ತಿಗೆ ಆ ಪ್ರಮಾಣ ಸಾವಿರಕ್ಕೆ 0.23ಕ್ಕೆ ಇಳಿದಿತ್ತು. ಮೊದಲು 35ರಿಂದ 37ನೇ ವಾರದಲ್ಲಿ ಮಾಡುತ್ತಿದ್ದ ಪರೀಕ್ಷೆಯನ್ನು 2019ರಿಂದ 36 ವಾರ ತುಂಬಿದ ಮೇಲೆ 38 ತುಂಬುವುದರೊಳಗೆ ಮಾಡುತ್ತಾರೆ. ಒಂದು ಫಲಿತಾಂಶ ಸುಮಾರು ಐದು ವಾರ ಮಾತ್ರ ನಂಬಿಕೆಗೆ ಅರ್ಹ, ದಿನ ಮೀರಿ ಹೆರುವವರಿಗೂ ಅದು ಸಾಲಬೇಕು ಎಂಬುದು ಈ ಬದಲಾವಣೆಯ ಹಿಂದಿನ ಲೆಕ್ಕ.

ಬ್ರಿಟನ್‌ನವರ ವಾದ ಶುರುವಾಗುವುದೂ ಆ ಐದು ವಾರದಿಂದಲೇ. 36ನೇ ವಾರದಲ್ಲಿ ಪಾಸಿಟಿವ್ ಇದ್ದವರಲ್ಲಿ ಸುಮಾರು ಐದನೇ ಒಂದು ಭಾಗ ಹೆರಿಗೆಯ ಹೊತ್ತಿಗೆ ನೆಗೆಟಿವ್ ಆಗಿರುತ್ತಾರೆ, ನೆಗೆಟಿವ್ ಇದ್ದವರಲ್ಲಿ ಕೆಲವರು ಪಾಸಿಟಿವ್ ಆಗಿರುತ್ತಾರೆ. ಅಂದಮೇಲೆ ಒಂದು ಮಗುವನ್ನು ಉಳಿಸಲು ನೂರಾರು ತಾಯಂದಿರಿಗೆ ಅಗತ್ಯವಿಲ್ಲದ ಆಂಟಿಬಯಾಟಿಕ್ ಹೋಗುತ್ತದೆ. ಅದರಿಂದ ಅಪರೂಪಕ್ಕಾದರೂ ತೀವ್ರ ಅಲರ್ಜಿ ಆಗಬಹುದು, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹೆಚ್ಚಬಹುದು. ಇದನ್ನು ಬಗೆಹರಿಸಲೆಂದೇ ಬ್ರಿಟನ್‌ನಲ್ಲಿ ಜಿಬಿಎಸ್3 ಎಂಬ ದೊಡ್ಡ ಅಧ್ಯಯನವನ್ನು ಕೈಗೊಂಡರು. ನನ್ನ ಒಲವು ಎಲ್ಲರಿಗೂ ಪರೀಕ್ಷೆ ಮಾಡುವ ಕಡೆಗಿದೆ. ಆದರೆ ನಾನು ತರಬೇತಿ ಪಡೆದದ್ದು ಅಮೆರಿಕದಲ್ಲಾದ್ದರಿಂದ ಅದು ಅಭ್ಯಾಸಬಲವೂ ಇರಬಹುದು.

ನಿಮ್ಮ ಮಟ್ಟಿಗೆ ಹೇಳುವುದಾದರೆ, ಹಿಂದಿನ ಬಸಿರಿನಲ್ಲಿ ಪಾಸಿಟಿವ್ ಬಂದಿದ್ದರೆ ಅದನ್ನು ಮಿಡ್‌ವೈಫ್‌ಗೆ ತಪ್ಪದೆ ತಿಳಿಸಿ. ಅಂಥವರಿಗೆ ಪರೀಕ್ಷೆಯನ್ನೋ ನೇರವಾಗಿ ಔಷಧಿಯನ್ನೋ ಕೊಡಬೇಕೆಂದು 2017ರ ಅಲ್ಲಿನ ಮಾರ್ಗಸೂಚಿಯೇ ಹೇಳುತ್ತದೆ. ಖಾಸಗಿಯಾಗಿ ಮಾಡಿಸಿಕೊಳ್ಳುವ ಅವಕಾಶವೂ ಇದೆ, ಆದರೆ ಅದು ಮುಂದಿನ ಉತ್ತರದಲ್ಲಿ ವಿವರಿಸುವ ವಿಧಾನದ ಪರೀಕ್ಷೆಯೇ ಆಗಿರಲಿ.

ಪ್ರಶ್ನೆ (ಶಿವಮೊಗ್ಗದಿಂದ ಒಬ್ಬರು):
ಮೇಡಂ, ನನ್ನ ಹೆಂಡತಿಗೆ ಐದನೇ ತಿಂಗಳಲ್ಲಿ ಉರಿಮೂತ್ರವಾಗಿ ಕಲ್ಚರ್ ಮಾಡಿಸಿದಾಗ ಇದೇ ಬ್ಯಾಕ್ಟೀರಿಯಾದ ಹೆಸರು ಬಂದಿತ್ತು. ಮಾತ್ರೆಯಿಂದ ವಾಸಿಯಾಯಿತು. ಈಗ ಎಂಟು ತುಂಬಿದೆ. ಇಲ್ಲಿ ಸ್ವ್ಯಾಬ್ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ನಾವಾಗಿ ಮಾಡಿಸಬೇಕೇ?

ಉತ್ತರ:
ನಿಮ್ಮ ಮನೆಯವರಿಗೆ ಸ್ವ್ಯಾಬ್‌ನ ಅಗತ್ಯವೇ ಇಲ್ಲ. ಈ ಬಸಿರಿನಲ್ಲಿ ಯಾವಾಗಲಾದರೂ ಮೂತ್ರದಲ್ಲಿ ಗ್ರೂಪ್ ಬಿ ಸ್ಟ್ರೆಪ್ ಕಂಡಿದ್ದರೆ, ಅಥವಾ ಹಿಂದಿನ ಮಗುವಿಗೆ ಈ ಕಾಯಿಲೆ ಬಂದಿದ್ದರೆ, ಪರೀಕ್ಷೆಯಿಲ್ಲದೆಯೇ ಹೆರಿಗೆಯ ಸಮಯದಲ್ಲಿ ಔಷಧಿ ಕೊಡಬೇಕು ಎಂಬುದು ನಿಯಮ. ಮಾತ್ರೆಯಿಂದ ಉರಿ ನಿಂತಿತು, ಬ್ಯಾಕ್ಟೀರಿಯಾ ಕರುಳಿನಿಂದ ಹೋಗಲಿಲ್ಲ. ಆ ಹಳೆಯ ರಿಪೋರ್ಟನ್ನು ತಾಯಿ ಕಾರ್ಡಿನೊಳಗೆ ಇಟ್ಟುಕೊಳ್ಳಿ. ಹೆರಿಗೆಯ ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರು ನಿಮ್ಮನ್ನು ಐದನೇ ತಿಂಗಳಲ್ಲಿ ನೋಡಿದವರೇ ಆಗಿರಬೇಕೆಂದಿಲ್ಲ.

ಭಾರತದಲ್ಲಿ ಎಲ್ಲ ಗರ್ಭಿಣಿಯರಿಗೂ ಈ ಪರೀಕ್ಷೆ ಮಾಡುವ ಪದ್ಧತಿಯಿಲ್ಲ, ಮತ್ತು ಅದು ಕೇವಲ ಉದಾಸೀನವಲ್ಲ. ನಮ್ಮಲ್ಲಿ ನವಜಾತ ಶಿಶುಗಳ ರಕ್ತದ ಸೋಂಕಿಗೆ ಹೆಚ್ಚಾಗಿ ಕಾರಣವಾಗುವುದು ಬೇರೆ ಬ್ಯಾಕ್ಟೀರಿಯಾಗಳು. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಸಿನೆಟೊಬ್ಯಾಕ್ಟರ್, ಕ್ಲೆಬ್ಸಿಯೆಲ್ಲಾ ಮತ್ತು ಇ. ಕೋಲೈಗಳೇ ಮುಂದಿದ್ದವು. ಅವಕ್ಕೆ ಪೆನಿಸಿಲಿನ್ ಉತ್ತರವಲ್ಲ. ಅಂಥಲ್ಲಿ ಎಲ್ಲರಿಗೂ ಸ್ವ್ಯಾಬ್ ಎನ್ನುವುದಕ್ಕಿಂತ ಮೊದಲು, ನೀರು ಹೋದದ್ದು ಎಷ್ಟು ಗಂಟೆಗೆ ಎಂದು ಪ್ರತಿ ಲೇಬರ್ ವಾರ್ಡಿನಲ್ಲೂ ಕೇಸ್ ಶೀಟಿನ ಮೇಲೆ ಬರೆಯುವಂತಾಗಬೇಕು ಎಂಬುದು ನನ್ನ ಅಭಿಪ್ರಾಯ. ಏಕೆಂದರೆ ಸ್ವ್ಯಾಬ್ ಇಲ್ಲದಿದ್ದಾಗ ಔಷಧಿ ಕೊಡಬೇಕೋ ಬೇಡವೋ ಎಂಬ ತೀರ್ಮಾನ ನಿಲ್ಲುವುದು ಮೂರು ಸಂಗತಿಗಳ ಮೇಲೆ: 37 ವಾರಕ್ಕೆ ಮುಂಚೆಯೇ ಬಂದ ನೋವು, ನೀರು ಹೋಗಿ 18 ಗಂಟೆ ಕಳೆದಿರುವುದು, ತಾಯಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ. ಗಡಿಯಾರ ಮತ್ತು ಥರ್ಮಾಮೀಟರ್‌ನಲ್ಲಿ ತಿಳಿಯುವ ಸಂಗತಿಗಳಿವು.

ಯಾರಾದರೂ ಪರೀಕ್ಷೆ ಮಾಡಿಸುವುದಾದರೆ, ಹೇಗೆ ಮಾಡುತ್ತಾರೆ ಎಂಬುದನ್ನು ಮೊದಲು ಲ್ಯಾಬಿನಲ್ಲಿ ಕೇಳಿ. ಹತ್ತಿಯ ಕಡ್ಡಿಯನ್ನು ಮೊದಲು ಯೋನಿದ್ವಾರದ ಸ್ವಲ್ಪ ಒಳಗೆ, ಅನಂತರ ಗುದದ್ವಾರದ ಒಳಗೆ ಆಡಿಸಬೇಕು. ಎರಡೂ ಕಡೆ ಮುಖ್ಯ. ಸ್ಪೆಕ್ಯುಲಮ್ (ಯೋನಿಮಾರ್ಗವನ್ನು ಅಗಲಿಸಿ ನೋಡುವ ಉಪಕರಣ) ಬೇಕಿಲ್ಲ, ನೋವಿಲ್ಲ, ಹೇಳಿಕೊಟ್ಟರೆ ಗರ್ಭಿಣಿಯೇ ತೆಗೆದುಕೊಡಬಹುದು. ಬಳಿಕ ಆ ಕಡ್ಡಿಯನ್ನು ಬೇರೆ ಬ್ಯಾಕ್ಟೀರಿಯಾಗಳನ್ನು ತಡೆದು ಇದನ್ನು ಮಾತ್ರ ಬೆಳೆಸುವ ದ್ರಾವಣದಲ್ಲಿ ಒಂದು ದಿನ ಇಟ್ಟು, ಆಮೇಲೆ ತಟ್ಟೆಯ ಮೇಲೆ ಬೆಳೆಸಬೇಕು. ಈ ಹಂತವನ್ನು ಬಿಟ್ಟ ಸಾಮಾನ್ಯ ಯೋನಿ ಸ್ವ್ಯಾಬಿನಲ್ಲಿ ಎಷ್ಟೋ ಪಾಸಿಟಿವ್‌ಗಳು ನೆಗೆಟಿವ್ ಎಂದು ಹೊರಬರುತ್ತವೆ. ಮೆಡಿಕಲ್ ಕಾಲೇಜಿನ ಪ್ರಾಕ್ಟಿಕಲ್‌ನಲ್ಲಿ ಕೆಂಪು ರಕ್ತದ ಅಗರ್ ತಟ್ಟೆಯ ಮೇಲೆ ಸ್ಟ್ಯಾಫಿಲೊಕಾಕಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಗೆರೆಗೆ ಲಂಬವಾಗಿ ಇದರ ಗೆರೆ ಎಳೆದಿಟ್ಟರೆ, ಮರುದಿನ ಅವೆರಡೂ ಹತ್ತಿರ ಬರುವ ಜಾಗದಲ್ಲಿ ರಕ್ತ ಕರಗಿ ಬಾಣದ ಮೊನೆಯಂತೆ ತಿಳಿಯಾಗಿರುತ್ತಿತ್ತು. ಈ ಜಾತಿಯನ್ನು ಗುರುತಿಸುವ ಹಳೆಯ ವಿಧಾನ ಅದು. ಇದರ ಶಾಸ್ತ್ರೀಯ ಹೆಸರಿನಲ್ಲಿರುವ ‘ಅಗಲಾಕ್ಷಿಯೆ’ ಎಂಬುದರ ಅರ್ಥ ಹಾಲಿಲ್ಲದ್ದು ಎಂದು. ಮನುಷ್ಯರಿಗಿಂತ ಮೊದಲು ಇದು ಹೆಸರಾಗಿದ್ದದ್ದು ಹಸುಗಳ ಕೆಚ್ಚಲು ಬಾವಿಗೆ.

ಪ್ರಶ್ನೆ (ಮೈಸೂರಿನಿಂದ):
ನನಗೆ ಪೆನಿಸಿಲಿನ್ ಆಗುವುದಿಲ್ಲ ಎಂದು ಚಿಕ್ಕಂದಿನಲ್ಲಿ ಹೇಳಿದ್ದರಂತೆ. ದಿನ ಗೊತ್ತುಮಾಡಿ ಸಿಸೇರಿಯನ್ ಮಾಡುವವರಿಗೂ ಇದು ಬೇಕೇ?

ಉತ್ತರ:
ನೋವು ಶುರುವಾಗುವ ಮೊದಲೇ, ನೀರಿನ ಚೀಲ ಒಡೆಯದಿರುವಾಗಲೇ ಸಿಸೇರಿಯನ್ ಆದರೆ ಗ್ರೂಪ್ ಬಿ ಸ್ಟ್ರೆಪ್‌ಗಾಗಿ ಪ್ರತ್ಯೇಕ ಔಷಧಿ ಬೇಡ. ಆಪರೇಷನ್‌ಗೆಂದು ಕೊಡುವ ಆಂಟಿಬಯಾಟಿಕ್ ಬೇರೆ. ಆದರೂ ಗೊತ್ತುಮಾಡಿದ ದಿನಕ್ಕೆ ಮೊದಲೇ ನೋವು ಬರಬಹುದಾದ್ದರಿಂದ ಅಮೆರಿಕದಲ್ಲಿ ಇಂಥವರಿಗೂ ಸ್ವ್ಯಾಬ್ ಮಾಡಿಡುತ್ತಾರೆ. ಅಲರ್ಜಿಯ ವಿಷಯದಲ್ಲಿ, ತಮಗೆ ಪೆನಿಸಿಲಿನ್ ಆಗದು ಎಂದುಕೊಂಡಿರುವವರಲ್ಲಿ ಬಹುಪಾಲು ಜನರಿಗೆ ಪರೀಕ್ಷಿಸಿ ನೋಡಿದರೆ ಅಲರ್ಜಿ ಇರುವುದಿಲ್ಲ. ಚಿಕ್ಕಂದಿನಲ್ಲಿ ಆದದ್ದು ಹೊಟ್ಟೆ ಕೆಟ್ಟದ್ದೋ, ಮೈಮೇಲೆ ಗಂಧೆ ಎದ್ದು ಉಸಿರು ಕಟ್ಟಿದ್ದೋ ಎಂದು ಮನೆಯ ಹಿರಿಯರನ್ನು ಕೇಳಿ ಡಾಕ್ಟರಿಗೆ ತಿಳಿಸಿ. ಮೊದಲನೆಯದು ಅಲರ್ಜಿಯಲ್ಲ, ಎರಡನೆಯದಾದರೆ ಕ್ಲಿಂಡಾಮೈಸಿನ್ ಅಥವಾ ವ್ಯಾಂಕೊಮೈಸಿನ್ ಆರಿಸಬೇಕಾಗುತ್ತದೆ, ಮತ್ತು ಕ್ಲಿಂಡಾಮೈಸಿನ್‌ಗೆ ಈ ಬ್ಯಾಕ್ಟೀರಿಯಾ ಬಗ್ಗುತ್ತದೆಯೇ ಎಂದು ಲ್ಯಾಬ್ ಮೊದಲೇ ನೋಡಿರಬೇಕು.

ಪ್ರಶ್ನೆ (ಡಲ್ಲಾಸ್‌ನ ಸದಸ್ಯೆಯ ತಾಯಿ):
ನಮಸ್ಕಾರ ಡಾಕ್ಟರಮ್ಮ, ನಿಮ್ಮ ಉತ್ತರ ಓದಿ ಸಮಾಧಾನವಾಯಿತು. ಮಗಳು ಎದೆಹಾಲು ಕೊಡಬಹುದಲ್ಲವೇ? ಆಸ್ಪತ್ರೆ ಮನೆಯಿಂದ ನಲವತ್ತು ನಿಮಿಷ. ಚೊಚ್ಚಲ ಹೆರಿಗೆ ನಿಧಾನ, ನೋವು ಚೆನ್ನಾಗಿ ಬಂದಮೇಲೆ ಹೊರಟರಾಯಿತು ಎಂದು ನಾನು ಹೇಳಿದ್ದೇನೆ.

ಉತ್ತರ:
ಅಮ್ಮಾ, ಎದೆಹಾಲು ಧಾರಾಳವಾಗಿ ಕೊಡಬಹುದು, ಹುಟ್ಟಿದ ಮೊದಲ ಗಂಟೆಯಿಂದಲೇ. ಎರಡನೆಯ ಮಾತನ್ನು ಮಾತ್ರ ದಯವಿಟ್ಟು ಬದಲಿಸಿಕೊಳ್ಳಿ. ನೀರು ಹೋದರೆ ನೋವಿಲ್ಲದಿದ್ದರೂ ಆಗಲೇ ಹೊರಡಬೇಕು. ನೋವು ಒಂದು ಕ್ರಮದಲ್ಲಿ ಬರತೊಡಗಿದಾಗಲೇ ಫೋನ್ ಮಾಡಿ, ಬನ್ನಿ ಎಂದರೆ ಹೊರಟುಬಿಡಬೇಕು. ಒಳಗೆ ಹೋದ ಕೂಡಲೇ ಮಗಳು ಹೇಳಬೇಕಾದ ಮೊದಲ ಮಾತು ‘ನಾನು ಗ್ರೂಪ್ ಬಿ ಸ್ಟ್ರೆಪ್ ಪಾಸಿಟಿವ್’ ಎಂಬುದು. ಅವಳಿಗೆ ಮಾತಾಡಲಾಗದಿದ್ದರೆ ಅಳಿಯ ಹೇಳಲಿ.

ಹೆರಿಗೆ ಬೇಗನೆ ಆಗಿ ನಾಲ್ಕು ಗಂಟೆ ಸಿಗದೆಹೋದರೂ ಹೆದರಬೇಕಿಲ್ಲ; ಸ್ವಲ್ಪ ಹೊತ್ತಿನ ಔಷಧಿಯಿಂದಲೂ ಪ್ರಯೋಜನವಿದೆ. ಆಗ ಮಗುವನ್ನು 36ರಿಂದ 48 ಗಂಟೆ ಕಣ್ಣಿಟ್ಟು ನೋಡುತ್ತಾರೆ, ಬೇಗ ಮನೆಗೆ ಕಳಿಸಿ ಎಂದು ಒತ್ತಾಯ ಮಾಡಬೇಡಿ. ಇನ್ನೊಂದು ವಿಷಯ ಬಾಣಂತನ ಮಾಡುವ ನಿಮಗೇ ಹೇಳಬೇಕು. ಈ ಡ್ರಿಪ್ ತಡೆಯುವುದು ಮೊದಲ ವಾರದ ಕಾಯಿಲೆಯನ್ನು ಮಾತ್ರ. ಒಂದು ವಾರದಿಂದ ಮೂರು ತಿಂಗಳವರೆಗೆ ಬರಬಹುದಾದ ತಡವಾದ ಬಗೆಯನ್ನು ಅದು ತಡೆಯದು, ತಾಯಿ ನೆಗೆಟಿವ್ ಇದ್ದ ಮಗುವಿಗೂ ಅದು ಬರಬಹುದು. ಹಾಲಿಗೆ ಎಬ್ಬಿಸಿದರೂ ಏಳದೆ ಜೋಲುಬಿದ್ದ ಮಗು, ಉಸಿರಿಗೊಮ್ಮೆ ನರಳುವ ಮಗು, ಮೈ ಬಿಸಿಯಾದ ಅಥವಾ ತಣ್ಣಗಾದ ಮಗು, ಬಣ್ಣ ಬೂದಿಯಂತಾದ ಮಗು: ಇವುಗಳಲ್ಲಿ ಯಾವುದನ್ನು ಕಂಡರೂ ದೃಷ್ಟಿ ತೆಗೆದು ಬೆಳಗಿನವರೆಗೆ ಕಾಯಬೇಡಿ. ದೃಷ್ಟಿಯನ್ನು ಆಸ್ಪತ್ರೆಯಿಂದ ಬಂದ ಮೇಲೂ ತೆಗೆಯಬಹುದು.